ಎಡಗಾಲಿನ ತಕರಾರು

ಡ್ರೈವಿಂಗ್ ಸ್ಕೂಲಿನ ಮುಂದೆ ಗೇರು ಕಿರುಗುಟ್ಟಿದರೆ ಯಾರೂ ತಲೆ ಎತ್ತುವುದಿಲ್ಲ. ಸಂಗೀತ ಶಾಲೆಯ ಪಕ್ಕದ ಮನೆಯವರಿಗೆ ಅಪಸ್ವರ ಹೇಗೋ ಹಾಗೆ. ಕಲಿಯುವವರು ಕ್ಲಚ್ಚನ್ನು ಅರ್ಧ ಒತ್ತುತ್ತಾರೆ, ಗೇರನ್ನು ಪೂರ್ತಿ ಎಳೆಯುತ್ತಾರೆ, ಒಳಗಿನ ಹಲ್ಲುಗಳು ಒಂದನ್ನೊಂದು ಕಚ್ಚಿ ಬೈದುಕೊಳ್ಳುತ್ತವೆ. ಆದರೆ ಆ ಗುರುವಾರ ಬೆಳಿಗ್ಗೆ 'ಕರ್ರ್' ಎಂದಾಗ ಸ್ಕೂಲಿನ ಯಜಮಾನ ಮೇಜಿನಿಂದ ಎದ್ದು ಬಾಗಿಲಿಗೆ ಬಂದ. ಸ್ಟಿಯರಿಂಗ್ ಹಿಡಿದಿದ್ದವಳು ಕಲಿಯುವವಳಲ್ಲ, ಕಲಿಸುವವಳು. ಇಪ್ಪತ್ತೊಂದು ವರ್ಷದಿಂದ ಕಲಿಸುತ್ತಿದ್ದವಳು. ಊರಿನಲ್ಲಿ ಗಾಡಿ ಓಡಿಸುವವರಲ್ಲಿ ಅರ್ಧ ಜನ ಅವಳಿಂದ ಬೈಸಿಕೊಂಡವರು; ಉಳಿದರ್ಧ ಜನ ಹೇಗೆ ಓಡಿಸುತ್ತಾರೆ ಎಂಬುದು ರಸ್ತೆಗೆ ಇಳಿದವರಿಗೆಲ್ಲ ಗೊತ್ತು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು.

ಯಜಮಾನ ಮಾತ್ರ ಅತ್ತಿಗೆ ಎನ್ನುತ್ತಿದ್ದ. ಗಂಡನ ತಮ್ಮ. ಐದು ತಿಂಗಳ ಹಿಂದೆ ಅವಳ ಗಂಡ ತೀರಿಕೊಂಡಾಗ ಸ್ಕೂಲು ಈ ಮೈದುನನ ಕೈಗೆ ಬಂತು. ಅವನಿಗೆ ಲೆಕ್ಕ ಬರುತ್ತಿತ್ತು, ಮಾತು ಬರುತ್ತಿತ್ತು, ಗಾಡಿ ಓಡಿಸಲು ಬರುತ್ತಿರಲಿಲ್ಲ. ಹಿಂದೆ ಅಣ್ಣನೇ ಎರಡು ದಿನ ಹೇಳಿಕೊಟ್ಟಿದ್ದ. ಮೂರನೆಯ ದಿನ ಗೇಟಿನ ಕಂಬ ಬಿತ್ತು, ವಿದ್ಯೆಯೂ ಅಲ್ಲಿಗೇ ನಿಂತಿತು. ಈಜು ಬಾರದವನು ಕೆರೆ ಗುತ್ತಿಗೆ ಹಿಡಿದ ಹಾಗೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಕೆಟ್ಟವನಲ್ಲ.

"ಅತ್ತಿಗೆ, ಈ ವಾರದಲ್ಲಿ ಇದು ಎಷ್ಟನೇ ಸಲ?"

"ಎಣಿಸಿಲ್ಲ."

"ನಾನು ಎಣಿಸಿದೀನಿ. ಹನ್ನೊಂದು. ನಿಮ್ಮದು ಮಾತ್ರ. ಕಲಿಯೋರದ್ದು ಸೇರಿಸಿಲ್ಲ, ಸೇರಿಸಿದ್ರೆ ಪುಸ್ತಕ ಸಾಲಲ್ಲ."

ಅವಳು ಎರಡನೆಯ ಸಲ ಪ್ರಯತ್ನಿಸಿದಳು. ಕರ್ರ್. ಮೂರನೆಯ ಸಲಕ್ಕೆ ರಿವರ್ಸ್ ಬಿತ್ತು. ಗಾಡಿಯನ್ನು ಗೋಡೆಯ ಪಕ್ಕ ಒಂದು ಗೇಣು ಬಿಟ್ಟು ನಿಲ್ಲಿಸಿ ಇಳಿದಳು. ನಿಲ್ಲಿಸುವುದರಲ್ಲಿ ಏನೂ ತಪ್ಪಿರಲಿಲ್ಲ.

"ಹೇಳಿಬಿಡಿ ಅತ್ತಿಗೆ. ತೊಂದ್ರೆ ಗಾಡೀದಾ, ನಿಮ್ಮದಾ?"

ಎರಡು ತಿಂಗಳಿಂದ ಅವಳೂ ತನ್ನನ್ನು ಕೇಳಿಕೊಳ್ಳುತ್ತಿದ್ದದ್ದು ಇದನ್ನೇ. ತನ್ನದೇ ಇರಬೇಕು ಎಂದು ಅವಳಿಗೆ ಬಹುಮಟ್ಟಿಗೆ ಖಾತ್ರಿಯಾಗಿತ್ತು. ಗಂಡ ಹೋದ ಮೇಲೆ ಅವಳು ಅತ್ತಿರಲಿಲ್ಲ. ಅಳು ಬಂದರೆ ಇರಲಿ ಎಂದು ಕರವಸ್ತ್ರ ಮಾತ್ರ ಇಟ್ಟುಕೊಂಡು ತಿರುಗಿದ್ದಳು. ಅದನ್ನು ಈಗ ಗಾಡಿಯ ಕನ್ನಡಿ ಒರೆಸಲು ಬಳಸುತ್ತಿದ್ದಳು. ಟೀ ಬಿಸಿಯಿದೆಯೋ ಆರಿದೆಯೋ ಕುಡಿದು ಮುಗಿಸಿದರೂ ತಿಳಿಯುತ್ತಿರಲಿಲ್ಲ. ಹಾಗಿರುವಾಗ ಎಡಗಾಲು ಕ್ಲಚ್ಚನ್ನು ಪೂರ್ತಿ ಒತ್ತಿತೋ ಇಲ್ಲವೋ ಎಂದು ಆ ಕಾಲನ್ನು ನಂಬಿ ಹೇಗೆ ಹೇಳುವುದು? ನರಗಳ ವೈದ್ಯರೊಬ್ಬರಿಗೆ ತೋರಿಸಿಯೂ ಬಂದಿದ್ದಳು. ಅವರು ಪಾದಕ್ಕೆ ಸೂಜಿ ಚುಚ್ಚಿ "ಗೊತ್ತಾಗತ್ತಾ?" ಎಂದರು. "ಗೊತ್ತಾಗತ್ತೆ" ಎಂದಳು, ಅವರಿಗೆ ಆ ಉತ್ತರ ಬೇಕಿದ್ದಂತೆ ಕಂಡದ್ದರಿಂದ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ, ಗೊತ್ತಾದದ್ದು ಚುಚ್ಚಿದ್ದೋ ಚುಚ್ಚಿದ್ದನ್ನು ನೋಡಿದ್ದೋ ಎಂದು ಅನುಮಾನ ಹತ್ತಿತು.

"ನನ್ನದೇ ಇರಬೇಕು" ಎಂದಳು.

ಮೈದುನ ಕತ್ತು ತುರಿಸಿಕೊಂಡ. "ಹಾಗನ್ನಬೇಡಿ. ಶನಿವಾರ ಇನ್ನೊಂದು ಸಲ ಗೇರ್ ಡಾಕ್ಟರ್ ಹತ್ರ ಒಯ್ದು ನೋಡಿ. ಗಾಡೀಲೇ ದೋಷ ಇದೆ ಅಂತ ಅವರು ಹೇಳಿದ್ರೆ ಮುಗೀತು. ಏನೂ ಇಲ್ಲ ಅಂದ್ರೆ, ಸೋಮವಾರದಿಂದ ನೀವು ಆಫೀಸಲ್ಲಿ ಕೂತು ಫಾರಂ ನೋಡ್ಕೊಳಿ. ಬೇರೆಯವರ ಮಕ್ಕಳನ್ನ ಕೂರಿಸ್ಕೊಂಡು ಓಡಾಡೋ ಗಾಡಿ. ಬೇಜಾರು ಮಾಡ್ಕೋಬೇಡಿ."

"ಸರಿ."

ಅವಳಿಗೆ ಬೇಜಾರಾಗಲಿಲ್ಲ. ಮೈದುನನಿಗೆ ಭಯ ಹುಟ್ಟಿಸಿದ್ದು ಅದೇ. ಆದರೆ ಸಂಜೆ ಗಾಡಿಯನ್ನು ಮನೆಗೆ ಓಡಿಸಿಕೊಂಡು ಹೋಗುವಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಆಫೀಸಿನ ಕುರ್ಚಿ ಗಂಡನದು. ಮನೆಯ ಮಂಚ ಗಂಡನದು, ಕಿಟಕಿಯ ಪಕ್ಕದ ಕುರ್ಚಿ ಗಂಡನದು, ಅವನ ಅಮ್ಮ ಕೂಡ ಅವನದೇ ಸೊತ್ತು. ಕಲಿಯುವವರ ಪಕ್ಕದ ಆ ಒಂದು ಸೀಟು ಮಾತ್ರ ಮೊದಲಿಂದಲೂ ಅವಳದು. ಅದು ಹೋದರೆ ಎಲ್ಲಿ ಕುಳಿತರೂ ಇನ್ನೊಬ್ಬರ ಜಾಗದಲ್ಲಿ ಕುಳಿತಂತೆ. ಹೊಳೆದದ್ದು ಇಷ್ಟು. ನೋಯಲಿಲ್ಲ, ಬರೀ ಹೊಳೆಯಿತು.

ಗೇರ್ ಡಾಕ್ಟರ್ ಎಂದರೆ ಮೆಕ್ಯಾನಿಕ್. ಎಂಜಿನ್ ಮುಟ್ಟುತ್ತಿರಲಿಲ್ಲ, ಬ್ರೇಕ್ ಮುಟ್ಟುತ್ತಿರಲಿಲ್ಲ, ಗೇರ್‌ಬಾಕ್ಸ್ ಒಂದೇ. ಅವನ ಶೆಡ್ಡು ಮೆಕ್ಯಾನಿಕ್ ಶೆಡ್ಡಿನಂತಿರಲಿಲ್ಲ. ನೆಲ ಅಡುಗೆಮನೆಯಷ್ಟು ಚೊಕ್ಕಟ. ಹಿಂದೊಮ್ಮೆ ಬಿಳಿ ಮ್ಯಾಟಿನ ಮೇಲೆ ಗ್ರೀಸಿನ ಹೆಜ್ಜೆ ಮೂಡಿತೆಂದು ಗಿರಾಕಿಯೊಬ್ಬ ಬೀದಿಯಲ್ಲಿ ನಿಂತು ಅವನ ಏಳು ತಲೆಮಾರನ್ನು ಜಾಲಾಡಿದ್ದ. ಅಂದಿನಿಂದ ಒಂದು ನೇಮ. ಯಾವ ಗಾಡಿಯೇ ಬರಲಿ, ಮೊದಲು ಸೀಟಿಗೆ ಪ್ಲಾಸ್ಟಿಕ್ ಹೊದಿಸಬೇಕು, ಕಾಲಡಿಯ ಮ್ಯಾಟುಗಳನ್ನು ಎತ್ತಿ ಹೊರಗೆ ಹಾಕಬೇಕು, ಆಮೇಲೆ ಒಳಗೆ ಕಾಲಿಡಬೇಕು. ಕೆಲಸ ಮುಗಿದ ಮೇಲೆ ಮ್ಯಾಟುಗಳನ್ನು ನಲ್ಲಿಯಡಿ ತಿಕ್ಕಿ ತೊಳೆದು ಹಸಿಯಾಗಿಯೇ ಡಿಕ್ಕಿಯಲ್ಲಿಟ್ಟು ಕಳಿಸುತ್ತಿದ್ದ. "ಆಸ್ಪತ್ರೆ ಡಾಕ್ಟ್ರು ಮುಟ್ಟಿದ ಮೇಲೆ ಕೈ ತೊಳೀತಾರೆ. ನಾನು ಮುಟ್ಟೋಕೆ ಮುಂಚೇನೇ ತೊಳೀತೀನಿ" ಎಂಬುದು ಅವನು ಎಲ್ಲರಿಗೂ ಹೇಳುತ್ತಿದ್ದ ಮಾತು. ಅವಳಿಗೂ ನಾಲ್ಕು ಸಲ ಹೇಳಿದ್ದ.

ಮೇಡಂ ಗಾಡಿ ಅವನಲ್ಲಿಗೆ ಬಂದದ್ದು ಇದು ಮೂರನೆಯ ಸಲ. ಮೊದಲ ಸಲ ಗೇರ್ ಆಯಿಲ್ ಇಳಿಸಿ, ಬೆರಳಲ್ಲಿ ಉಜ್ಜಿ, ಮೂಸಿ, ಬಿಸಿಲಿಗೆ ಹಿಡಿದು ನೋಡಿದ್ದ. ಲೋಹದ ಪುಡಿ ಇರಲಿಲ್ಲ. ಗೇರಿನ ಸರಳಿನ ಬುಷ್ ಬದಲಿಸಿ ಕಳಿಸಿದ್ದ. ಎರಡನೆಯ ಸಲ ಮರ್ಯಾದೆಯ ಪ್ರಶ್ನೆಯಾಗಿ ಗೇರ್‌ಬಾಕ್ಸನ್ನೇ ಕೆಳಗಿಳಿಸಿದ್ದ. ಎರಡು ದಿನ ಬಿಚ್ಚಿ ಹರಡಿ ನೋಡಿದರೆ ಹಲ್ಲುಗಳು ಮದುವೆ ಗಂಡಿನ ಹಲ್ಲಿನಂತಿದ್ದವು. ಕ್ಲಚ್ ಪ್ಲೇಟ್ ಕೂಡ ಗಟ್ಟಿಮುಟ್ಟು. ಎಲ್ಲವನ್ನೂ ಮತ್ತೆ ಜೋಡಿಸಿ ಓಡಿಸಿದಾಗ ಗೇರು ಬೆಣ್ಣೆಯಿಂದ ಕೂದಲು ತೆಗೆದಂತೆ ಬಿದ್ದಿತ್ತು. ಮಾರನೆಯ ದಿನ ಮನೆಯ ಮುಂದೆ ಮತ್ತೆ ಕರ್ರ್.

ಶನಿವಾರ ಅವನು ಪ್ಲಾಸ್ಟಿಕ್ ಹೊದಿಸಿ, ಮ್ಯಾಟುಗಳನ್ನೆತ್ತಿ ತಂತಿಯ ಮೇಲೆ ಹಾಕಿ, ಕೈ ತೊಳೆದು ಸೀಟಿನಲ್ಲಿ ಕುಳಿತ. ಎಂಜಿನ್ ಆರಿಸಿ ಐದೂ ಗೇರು ಹಾಕಿ ತೆಗೆದ. ಎಂಜಿನ್ ಶುರು ಮಾಡಿ ಮತ್ತೆ ಹಾಕಿ ತೆಗೆದ. ರಿವರ್ಸನ್ನು ಆರು ಸಲ ಹಾಕಿದ. ಒಂದು ಚೂರೂ ಸದ್ದಿಲ್ಲ.

"ಇನ್ನೊಂದು ಸಲ ಹೇಳಿ ಮೇಡಂ. ಯಾವ ಗೇರಿಗೆ ತೊಂದ್ರೆ?"

"ರಿವರ್ಸಿಗೆ. ನಿಂತಲ್ಲಿಂದ ಫಸ್ಟ್ ಹಾಕೋವಾಗ್ಲೂ ಬಿಗಿ."

"ಓಡ್ತಾ ಇರೋವಾಗ?"

"ಅಷ್ಟೇನಿಲ್ಲ."

"ಎಂಜಿನ್ ಆಫ್ ಇದ್ರೆ?"

"ಸಲೀಸು."

"ಅಂದ್ರೆ ಗೇರ್‌ಬಾಕ್ಸ್ ತಪ್ಪಿಲ್ಲ, ಕ್ಲಚ್ ಬಿಡ್ತಾ ಇಲ್ಲ. ನೀವು ಒತ್ತಿದ್ರೂ ಎಂಜಿನ್ನು ಗೇರ್‌ಬಾಕ್ಸಿನ ಕೈ ಹಿಡ್ಕೊಂಡೇ ಇದೆ. ಇದನ್ನ ಮೊನ್ನೆ ಕಲಿತೋನೂ ಹೇಳ್ತಾನೆ. ಆದ್ರೆ ನೋಡಿ, ಇಲ್ಲಿ ಬಿಡ್ತಾ ಇದೆಯಲ್ಲ!" ಅವನು ಇನ್ನೊಮ್ಮೆ ರಿವರ್ಸ್ ಹಾಕಿ ತೋರಿಸಿದ. ಅದು ವಿಧೇಯವಾಗಿ ಬಿತ್ತು. ಸ್ವಲ್ಪ ಹೊತ್ತು ಸ್ಟಿಯರಿಂಗನ್ನು ಸವರಿ, ಬೇರೆ ಕಡೆ ನೋಡುತ್ತ ಹೇಳಿದ: "ಕ್ಲಚ್ಚು ಬಿಡೋದು ಒತ್ತೋ ಕಾಲಿನ ಮೇಲೂ ಇರತ್ತೆ."

"ಹೌದು."

"ನಾನು ನಿಮ್ಮ ಬಗ್ಗೆ ಹೇಳ್ತಿಲ್ಲ ಮೇಡಂ. ನನ್ನ ಹೆಂಡತಿಗೆ ಕಲಿಸಿದ್ದೇ ನೀವು. ಅವಳಿಗೆ ಕಲಿಸಿದೋರು ಯಾರಿಗೆ ಬೇಕಾದ್ರೂ ಕಲಿಸಬಹುದು."

"ಹೇಳಿ ಪರವಾಗಿಲ್ಲ. ಮೈದುನನಿಗೂ ಹಾಗೇ ಹೇಳಿ. ಗಾಡೀಲಿ ಏನೂ ಇಲ್ಲ ಅಂತ."

ಅವನು ಅವಳ ಮುಖ ನೋಡಿದ. ಸಾಮಾನ್ಯವಾಗಿ ಗಿರಾಕಿಗಳು ತಪ್ಪು ಗಾಡಿಯದೇ ಎಂದು ಆಣೆ ಇಡುತ್ತಾರೆ. ತಪ್ಪು ತನ್ನದು ಎಂದು ಒಪ್ಪಿಕೊಂಡವರನ್ನು ಅವನು ಅದುವರೆಗೆ ಕಂಡಿರಲಿಲ್ಲ. ಎದ್ದು ಮ್ಯಾಟು ತೊಳೆಯಲು ಹೋದ. ನಲ್ಲಿ ತಿರುಗಿಸಿದರೆ ಬುಸ್ ಎಂದು ಗಾಳಿ ಬಂತು. ಆ ದಿನ ನೀರು ನಿಂತಿತ್ತು. ಮ್ಯಾಟುಗಳನ್ನು ಕಂಬಕ್ಕೆ ಎರಡೆರಡು ಸಲ ಬಡಿದು, ಒಣಗೇ ಇದ್ದುದರಿಂದ ತಾನೇ ತಂದು ಅವುಗಳ ಜಾಗದಲ್ಲಿ ಹಾಸಿದ.

"ತಗೊಂಡ್ ಹೋಗಿ ಮೇಡಂ. ಯಜಮಾನ್ರಿಗೆ ನಾನೇ ಫೋನ್ ಮಾಡ್ತೀನಿ."

ಅವಳು ಕುಳಿತು, ಎಂಜಿನ್ ಶುರು ಮಾಡಿ, ಕ್ಲಚ್ ಒತ್ತಿ, ಶೆಡ್ಡಿನಿಂದ ಹಿಂದೆ ತೆಗೆಯಲು ರಿವರ್ಸ್ ಹಾಕಿದಳು.

ಕರ್ರ್.

"ನೋಡಿದ್ರಲ್ಲ. ನನ್ನ ಕಾಲೇ" ಎಂದಳು. ಅವಳ ದನಿಯಲ್ಲಿ ದುಃಖವಿರಲಿಲ್ಲ. ಹವಾಮಾನ ಹೇಳುವವರ ದನಿ.

"ಇಳೀರಿ" ಎಂದ ಡಾಕ್ಟರ್.

ಅವಳು ಇಳಿದಳು. ಅವನು ಪ್ಲಾಸ್ಟಿಕ್ಕನ್ನೂ ಮರೆತು ಹಾಗೆಯೇ ಕುಳಿತು ರಿವರ್ಸ್ ಹಾಕಿದ. ಅವನ ಕಾಲಿಗೂ ಕರ್ರ್ ಎಂದಿತು. ಇನ್ನೊಮ್ಮೆ ಹಾಕಿದ. ಕರ್ರ್. ಮೂವತ್ತು ವರ್ಷದ ಅನುಭವದ ಕಾಲು. ಅವನ ಕಿವಿಯ ತುದಿ ಕೆಂಪಾಯಿತು.

"ಹತ್ತು ನಿಮಿಷದ ಹಿಂದೆ ಬಿತ್ತು. ಈಗ ಬೀಳ್ತಿಲ್ಲ. ಮಧ್ಯೆ ಏನಾಯ್ತು?"

"ನೀವು ಸೀಟಿನ ಪ್ಲಾಸ್ಟಿಕ್ ತೆಗೆದ್ರಿ."

"ನಾನು ಕೂರೋದು ಸೀಟಲ್ಲಿ, ಒತ್ತೋದು ಕಾಲಲ್ಲಿ. ಆಮೇಲೆ?"

"ಮ್ಯಾಟ್ ಹಾಕಿದ್ರಿ."

ಡಾಕ್ಟರ್ ಕಾಲಡಿ ನೋಡಿದ. ನಿಧಾನಕ್ಕೆ ಇಳಿದು, ಮೊಣಕಾಲೂರಿ ಕ್ಲಚ್ ಪೆಡಲನ್ನು ಕೈಯಿಂದ ಒತ್ತಿದ. ಅದು ನೆಲಕ್ಕೆ ಹೋಗುವ ಮೊದಲೇ, ಒಂದು ಬೆರಳು ದಪ್ಪದಷ್ಟು ಮೇಲೆ, ಮ್ಯಾಟಿಗೆ ಒರಗಿ ನಿಂತಿತು. ಮ್ಯಾಟಿನ ಅಂಚು ಹಿಡಿದು ಎಳೆದ. ಎಳೆದಾಗ ಅದು ಎರಡಾಯಿತು. ಮೇಲಿನದು ಗಾಡಿಯದೇ ಕಪ್ಪು ರಬ್ಬರು. ಅದರ ಬೆನ್ನಿಗೆ ಇನ್ನೊಂದು, ಎರಡು ತಿಂಗಳ ಒದ್ದೆಯಲ್ಲಿ ಅಂಟಿಕೊಂಡಿದ್ದ, ಅದೇ ಅಳತೆಗೆ ಕತ್ತರಿಯಲ್ಲಿ ಚೊಕ್ಕಟವಾಗಿ ಕತ್ತರಿಸಿದ ದಪ್ಪನೆಯ ಬೂದು ಬಣ್ಣದ ತುಂಡು.

"ತೂಕ ಜಾಸ್ತಿ ಇದೆ ಅನ್ನಿಸಿತ್ತು" ಎಂದ ಅವನು. "ಒಳ್ಳೇ ಕಂಪನೀದು ಇರಬೇಕು ಅಂದ್ಕೊಂಡೆ."

ಆಮೇಲೆ ನೆಲದ ಮೇಲೆಯೇ ಕುಳಿತುಬಿಟ್ಟ. ಗಾಡಿ ಬಂದೊಡನೆ ರೋಗವನ್ನೇ ಎತ್ತಿ ತಂತಿಯ ಮೇಲೆ ಒಣಹಾಕಿ, ಆಮೇಲೆ ರೋಗಿಯನ್ನು ಪರೀಕ್ಷೆ ಮಾಡುತ್ತಿದ್ದ ಡಾಕ್ಟರ್. ಅದೂ ಮೂರು ಸಲ. "ಗೇರ್‌ಬಾಕ್ಸ್ ಇಳಿಸಿದ್ದೆ ಅಂತ ಯಾರಿಗೂ ಹೇಳಬೇಡಿ ಮೇಡಂ. ಒಂದು ಮ್ಯಾಟಿಗೋಸ್ಕರ. ಊರು ಬಿಡಬೇಕಾಗತ್ತೆ."

ಅವಳು ಅದನ್ನು ಕೇಳಿಸಿಕೊಳ್ಳಲಿಲ್ಲ. ಆ ಬೂದು ತುಂಡನ್ನು ನೋಡುತ್ತಿದ್ದಳು. ಗಂಡನ ಕೊನೆಯ ದಿನಗಳಲ್ಲಿ, ಇಳಿಯುವಾಗ ಕಾಲು ಜಾರದಿರಲಿ ಎಂದು ಅವನ ಮಂಚದ ಪಕ್ಕ ಹಾಸಿದ್ದ ಮ್ಯಾಟು ಅದು. ಅದು ಮಂಚದ ಪಕ್ಕದಲ್ಲಿ ಇಲ್ಲ ಎಂಬುದು ಅವಳ ಗಮನಕ್ಕೆ ಬಂದದ್ದು ಈಗ. ಎರಡು ತಿಂಗಳಿಂದ ದಿನಾ ಆ ಕಡೆಯಿಂದಲೇ ಮಂಚವಿಳಿದು ಬರಿನೆಲದ ಮೇಲೆ ಕಾಲಿಟ್ಟಿದ್ದಳು. ಕಾಲು ಏನೂ ಹೇಳಿರಲಿಲ್ಲ. ಅಥವಾ ಹೇಳಿತ್ತೇನೋ.

ಕತ್ತರಿಸಿದವರು ಯಾರು ಎಂದು ಕೇಳಬೇಕಿರಲಿಲ್ಲ. ಮನೆಯಲ್ಲಿರುವುದು ಇಬ್ಬರು, ಅವಳು ಮತ್ತು ಅತ್ತೆ. ಒದ್ದೆ ಮ್ಯಾಟುಗಳನ್ನು ಡಿಕ್ಕಿಯಿಂದ ತೆಗೆದು ಒಣಗಿಸಿ ಮತ್ತೆ ಗಾಡಿಯೊಳಗೆ ಹಾಸಿಡುತ್ತಿದ್ದವರೂ ಅತ್ತೆಯೇ. ಕಲಿಯುವವರು ಹದಿನಾಲ್ಕು ಮಂದಿ ಈ ಎರಡು ತಿಂಗಳಲ್ಲಿ "ಕ್ಲಚ್ ಪೂರ್ತಿ ಒತ್ತಿ, ಕಾಲಲ್ಲಿ ಜೀವ ಇಲ್ವಾ" ಎಂದು ಬೈಸಿಕೊಂಡಿದ್ದರು. ಕಲಿಸುವವರಿಗೆಂದು ಬೈದವಳ ಕಾಲಡಿ ಇದ್ದ ಎರಡನೆಯ ಕ್ಲಚ್ಚೂ ಅದೇ ತಂತಿಗೆ ಕಟ್ಟಿದ್ದರಿಂದ ಅದೂ ಅಲ್ಲಿಗೇ ನಿಲ್ಲುತ್ತಿತ್ತು.

ಡಾಕ್ಟರ್ ಆಗಲೇ ಫೋನ್ ಹಚ್ಚಿದ್ದ. ಸಿಕ್ಕಿಬಿದ್ದವನಿಗೆ ಸತ್ಯ ಹೇಳುವ ಅವಸರ ಇರುತ್ತದೆ. "ಸಾರ್, ಮೇಡಂ ಕಾಲು ಕಲ್ಲಿನ ಹಾಗಿದೆ, ಗಾಡೀನೂ ಕಲ್ಲಿನ ಹಾಗಿದೆ. ಮಧ್ಯೆ ಒಂದು ಎಕ್ಸ್‌ಟ್ರಾ ಮ್ಯಾಟು ಇತ್ತು, ಅಷ್ಟೇ."

"ಮ್ಯಾಟಾ? ಅದನ್ನ ಯಾರು ಹಾಕಿದ್ದು?" ಫೋನಿನಿಂದ ಮೈದುನನ ದನಿ ಶೆಡ್ಡಿಗೆಲ್ಲ ಕೇಳಿಸಿತು. "ಸ್ಕೂಲ್ ಗಾಡಿ ಒಳಗೆ ಯಾರ್ರೀ ಅದು ಮನೆ ಮ್ಯಾಟು ಹಾಕಿದ್ದು? ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

ಡಾಕ್ಟರ್ ಫೋನನ್ನು ಅವಳ ಕಡೆ ಚಾಚಿದ.

ಅತ್ತೆಯ ಹೆಸರು ಹೇಳಿದರೆ ಮೈದುನ ನೆಟ್ಟಗೆ ಮನೆಗೆ ಬರುತ್ತಾನೆ. ಎಪ್ಪತ್ತಾರು ವರ್ಷದ ಮುದುಕಿಯನ್ನು ಕೂರಿಸಿಕೊಂಡು, ಸತ್ತವನ ಮ್ಯಾಟನ್ನು ಏಕೆ ಕತ್ತರಿಸಿದೆ ಎಂದು ವಿಚಾರಣೆ ನಡೆಸುತ್ತಾನೆ. ಮೊದಲೇ ಮನೆಯ ಗ್ಯಾಸನ್ನೂ ಅವಳಿಗೆ ಮುಟ್ಟಗೊಡಬೇಡಿ ಎನ್ನುತ್ತಿದ್ದವನು.

"ನಾನೇ ಹಾಕಿದ್ದು" ಎಂದಳು. "ಮರೆತಿದ್ದೆ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಇದನ್ನೇ ನಾನು ಹೇಳ್ತಾ ಇದ್ದಿದ್ದು ಅತ್ತಿಗೆ" ಎಂದ ಮೈದುನ. ಅವನ ದನಿ ಮೆತ್ತಗಾಗಿತ್ತು, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. "ಕಾಲು ಸರಿಯಿದೆ, ಒಪ್ಕೊಂಡೆ. ಆದ್ರೆ ತಲೆ? ಸ್ವಂತ ಕೈಯಿಂದ ಕ್ಲಚ್ ಕೆಳಗೆ ಮ್ಯಾಟ್ ಹಾಕಿ ಎರಡು ತಿಂಗಳು ಮರೆತುಬಿಡೋದು ಅಂದ್ರೆ... ಸೋಮವಾರ ಆಫೀಸಿಗೇ ಬಂದುಬಿಡಿ. ಸ್ವಲ್ಪ ದಿನ."

"ಸರಿ."

ಡಾಕ್ಟರ್ ಫೋನನ್ನು ಜೇಬಿಗಿಳಿಸಿ ಅವಳನ್ನು ನೋಡಿದ. "ಅದು ನಿಮ್ಮ ಕತ್ತರಿ ಕೆಲಸ ಅಲ್ಲ ಮೇಡಂ. ನೀವು ಹಣೆ ಮೇಲಿನ ಕೂದಲು ಕತ್ತರಿಸ್ಕೊಂಡಿದ್ದನ್ನ ನೋಡಿದೀನಿ, ನಿಮಗೆ ನೆಟ್ಟಗೆ ಗೆರೆ ಬರಲ್ಲ."

ಅವಳು ಬೂದು ತುಂಡನ್ನು ಸುರುಳಿ ಸುತ್ತಿ ಪಕ್ಕದ ಸೀಟಿನ ಮೇಲಿಟ್ಟುಕೊಂಡು ಹೊರಟಳು. ದಾರಿಯುದ್ದಕ್ಕೂ ಗೇರು ಒಂದು ಮಾತೂ ಆಡಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಸಮಾಧಾನ ಆಗಬಹುದೇನೋ ಎಂದು ಕಾದಳು. ಹಸಿರು ದೀಪ ಬಂತು. ಇಷ್ಟು ದಿನ ಅವಳ ಬಳಿ ಕಡೇಪಕ್ಷ ಒಂದು ಕಾರಣವಿತ್ತು: ಕಾಲು ಸತ್ತಿದೆ, ಮೆಲ್ಲಗೆ ಉಳಿದದ್ದೂ ಹಾಗೇ ಆಗಿದೆ. ಈಗ ಕಾಲು ಸರಿಯಿದೆ ಎಂದು ರುಜುವಾತಾದ ಮೇಲೆ ಉಳಿದದ್ದಕ್ಕೆ ಯಾವ ಡಾಕ್ಟರ ಬಳಿ ಹೋಗುವುದು ಎಂದು ತಿಳಿಯಲಿಲ್ಲ.

ಅತ್ತೆ ಬಾಗಿಲ ಬಳಿಯ ಮೋಟು ಸ್ಟೂಲಿನ ಮೇಲೆ ಕುಳಿತು ದಿಂಬಿನ ಗವಸಿಗೆ ಗುಂಡಿ ಹೊಲಿಯುತ್ತಿದ್ದಳು. ಸೊಸೆಯ ಕಂಕುಳಿನ ಸುರುಳಿ ನೋಡಿ ಸೂಜಿ ನಿಲ್ಲಿಸಿದಳು.

"ಯಾಕೆ ತೆಗೆದೆ?"

"ಕ್ಲಚ್ಚಿಗೆ ಅಡ್ಡ ಬರ್ತಿತ್ತು ಅತ್ತೆ. ಅದಕ್ಕೇ ಗೇರ್ ಬೀಳ್ತಿರಲಿಲ್ಲ."

"ಅಯ್ಯೋ, ನೆಲ ಮುಚ್ಚೋ ವಸ್ತು ಗೇರಿಗೇನು ಮಾಡತ್ತೆ?"

ಅವಳು ವಿವರಿಸಿದಳು. ಇಪ್ಪತ್ತೊಂದು ವರ್ಷ ವಿವರಿಸಿದ ಅಭ್ಯಾಸ; ಎಡಗೈಯನ್ನು ಪೆಡಲ್ ಮಾಡಿ, ಬಲಗೈಯನ್ನು ನೆಲ ಮಾಡಿ ತೋರಿಸಿದಳು. ಅತ್ತೆ ಬಾಯಿ ತೆರೆದು ಕೇಳಿದಳು, ಆಮೇಲೆ ಮುಚ್ಚಿದಳು.

"ನಿನ್ನ ಕಾಲು ಯಾವಾಗ್ಲೂ ತಣ್ಣಗಿರತ್ತೆ ಅಂತಿದ್ದ ಅವನು. ಮುಟ್ಟಿದ್ರೆ ಬೆಚ್ಚಿ ಬೀಳೋ ಹಾಗಿರತ್ತೆ ಅಂತ. ಮನೇಲಿ ಹಾಸಿದ್ರೆ ನೀನು ತುಳಿಯಲ್ಲ, ಸುತ್ತಿ ಹೋಗ್ತೀಯ, ನಾನು ನೋಡಿದೀನಿ. ಗಾಡೀಲಾದ್ರೆ ಗೊತ್ತಿಲ್ದೇ ತುಳೀತೀಯ ಅಂತ ಹಾಕಿದೆ."

ತಾನು ಸುತ್ತಿ ಹೋಗುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

"ಹೋಗ್ಲಿ ಬಿಡಿ" ಎಂದಳು. "ಸೋಮವಾರದಿಂದ ನಾನು ಆಫೀಸಲ್ಲಿ. ಫಾರಂ ನೋಡ್ಕೊಳ್ಳೋದು."

"ಗೇರ್ ಸರಿಯಾಯ್ತು ಅಂದೆ?"

"ಆಯ್ತು. ಮ್ಯಾಟ್ ಹಾಕಿದ್ದು ನಾನೇ ಅಂತ ಹೇಳಿದೀನಿ. ನನಗೆ ಮರೆವು ಅಂತ ಅವನ ಲೆಕ್ಕ."

ಅತ್ತೆ ಸೂಜಿಯನ್ನು ಗವಸಿಗೆ ಚುಚ್ಚಿಟ್ಟಳು. ಗವಸನ್ನು ಮಡಿಸಿ ಮೊಣಕಾಲಿನ ಮೇಲಿಟ್ಟಳು. ಆಮೇಲೆ ಕೈ ಚಾಚಿದಳು. "ಫೋನ್ ಕೊಡು."

"ಬೇಡ ಅತ್ತೆ."

"ನಂಬರ್ ಒತ್ತಿ ಕೊಡು ಅಂದೆ. ಒತ್ತೋಕೆ ಕಾಲು ಬೇಕಾಗಿಲ್ಲ."

ಮೈದುನ ಎತ್ತಿದ. ಅತ್ತೆ ಫೋನನ್ನು ಕನ್ನಡಿಯಂತೆ ಮುಖದ ಮುಂದೆ ಹಿಡಿದುಕೊಂಡು, ಅವನು ರಸ್ತೆಯಾಚೆ ನಿಂತಿದ್ದಾನೇನೋ ಎಂಬಂತೆ ಕೂಗಿದಳು.

"ಲೋ, ಆ ಮ್ಯಾಟು ಹಾಕಿದ್ದು ನಾನು. ನಿನ್ನ ಅಣ್ಣಂದು. ನಾನೇ ಕತ್ತರಿಸಿದ್ದು, ನಾನೇ ಹಾಸಿದ್ದು, ಎರಡು ಸಲ ಒಣಗಿಸಿ ಮತ್ತೆ ಹಾಸಿದ್ದೂ ನಾನೇ. ಇವಳಿಗೆ ಗೊತ್ತೇ ಇರಲಿಲ್ಲ. ಮರೆಯೋಕೆ ಗೊತ್ತಿರಬೇಕಲ್ಲೋ ಮೊದಲು!"

"ಅಮ್ಮಾ, ನೀನ್ಯಾಕೆ ಗಾಡಿ ಒಳಗೆ..."

"ಹೂಂ, ತಪ್ಪಾಯ್ತು. ತಪ್ಪು ಮಾಡಿದೋರನ್ನ ಆಫೀಸಲ್ಲಿ ಕೂರಿಸ್ತೀಯಂತಲ್ಲ, ಸೋಮವಾರ ಬಂದು ನನ್ನ ಕರ್ಕೊಂಡು ಹೋಗು. ನಿನ್ನ ಫಾರಂ ನಾನು ತುಂಬ್ತೀನಿ. ನನಗೆ ಬರೆಯೋಕೆ ಬರಲ್ಲ, ನಿನಗೆ ಓಡಿಸೋಕೆ ಬರಲ್ಲ. ಸ್ಕೂಲು ಚೆನ್ನಾಗಿ ನಡೆಯತ್ತೆ."

ಆ ಕಡೆಯಿಂದ ಮೊದಲು ಕೆಮ್ಮು ಬಂತು, ಆಮೇಲೆ ಒಂದು ನಗು ಅರ್ಧಕ್ಕೆ ಬಂದು ನಿಂತಿತು. ಅತ್ತಿಗೆಗೆ ಕೊಡು ಎಂದ.

"ಅತ್ತಿಗೆ, ಸುಳ್ಳು ಯಾಕೆ ಹೇಳಿದ್ರಿ?"

"ನೀನು ಇವರನ್ನ ಬೈತೀಯ ಅಂತ."

"ಬೈಯೋಕೆ ಬಿಟ್ರೆ ತಾನೇ?" ಅವನು ಉಸಿರೆಳೆದುಕೊಂಡ. "ಸೋಮವಾರ ಏಳು ಗಂಟೆ ಬ್ಯಾಚ್‌ಗೆ ಮೂರು ಜನ ಹೊಸಬರಿದಾರೆ. ಬರ್ತೀರಲ್ಲ?"

"ಬರ್ತೀನಿ."

ಅವಳು ಫೋನ್ ಇಟ್ಟಳು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರು.

"ಹಾಗಾದ್ರೆ ನಿನ್ನ ಕಾಲು ಸರಿಯಿದೆ" ಎಂದಳು ಅತ್ತೆ.

"ಇದೆಯಂತೆ."

"ಅಂತೆ ಅಂದ್ರೆ? ಕಾಲು ನಿಂದು."

"ಮೆಕ್ಯಾನಿಕ್ ಹೇಳಿದ್ದು."

ಅತ್ತೆ ಅವಳನ್ನು ದಿಟ್ಟಿಸಿ, ಸ್ಟೂಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಆ ಸ್ಟೂಲು ಒಬ್ಬರಿಗೇ ಸಾಲದು. ಅವಳು ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಕಳಚಿದಳು. ಅತ್ತೆ ಬಗ್ಗಿ, ಕೇಳದೆ ಬೇಡದೆ ಅವಳ ಎಡಗಾಲನ್ನು ಒಂದು ಕೈಯಲ್ಲಿ ಹಿಡಿದು ನೋಡಿದಳು, ಅಂಗಡಿಯಲ್ಲಿ ತರಕಾರಿ ಹಿಡಿದು ನೋಡುವ ಹಾಗೆ.

"ತಣ್ಣಗೇ ಇದೆ" ಎಂದು ತೀರ್ಪು ಕೊಟ್ಟು, ಗವಸು ಎತ್ತಿಕೊಂಡು ಗುಂಡಿ ಹೊಲಿಯತೊಡಗಿದಳು.

ಅತ್ತೆಯ ಕೈ ಬೆಚ್ಚಗಿತ್ತು. ಅದು ಅವಳಿಗೆ, ಸ್ವಲ್ಪ ತಡವಾಗಿ, ಗೊತ್ತಾಯಿತು.